ಮಧ್ಯದ ಚಕ್ರ

ರೈಲು ಎಂಜಿನ್ ಪಕ್ಕ ಫೋಟೋ ತೆಗೆಸಿಕೊಳ್ಳುವಾಗ ನಮ್ಮ ಜನ ಎಲ್ಲಿ ಬೇಕಾದರೂ ನಿಲ್ಲಬಹುದು. ಮೂತಿಯ ಹತ್ತಿರ ನಿಲ್ಲಬಹುದು, ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಲ್ಲಬಹುದು. ನಿಲ್ಲುವುದು ಮಾತ್ರ ಚಕ್ರದ ಮುಂದೆಯೇ. ಆಯುಧಪೂಜೆಯ ಫೋಟೋ ಆದರೆ ಜನ ಸಾಲದು ಅಂತ ಬಾಳೆಕಂದನ್ನೂ ಚಕ್ರಕ್ಕೇ ಅಡ್ಡ ಕಟ್ಟಿರುತ್ತಾರೆ. ಇದನ್ನು ಇಷ್ಟು ಸಿಟ್ಟಿನಿಂದ ಹೇಳುವುದಕ್ಕೆ ನನಗೆ ಕಾರಣವಿದೆ. ಒಂದು ಇಡೀ ಬೇಸಿಗೆ ನಾನು ಒಂದೇ ಒಂದು ಎಂಜಿನ್ನಿನ ಚಕ್ರಗಳನ್ನು ಹುಡುಕಿಕೊಂಡು ಶಿವಮೊಗ್ಗ, ಭದ್ರಾವತಿಯ ನೆಂಟರಿಷ್ಟರ ಆಲ್ಬಮ್ಮುಗಳನ್ನೆಲ್ಲ ಜಾಲಾಡಿದೆ. ಸಿಕ್ಕಿದ್ದು ಪಂಚೆ, ಸೀರೆಯ ನೆರಿಗೆ, ಮಕ್ಕಳ ಚಡ್ಡಿ.

ನನ್ನ ಕಸುಬು ಹಲ್ಲು ಮಾಡುವುದು. ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಡೆಂಟಲ್ ಲ್ಯಾಬ್ ಇದೆ. ಡಾಕ್ಟರುಗಳು ಕಳಿಸುವ ಅಚ್ಚು ನೋಡಿಕೊಂಡು ಕ್ಯಾಪು, ಸೆಟ್ಟು ಮಾಡಿ ಕೊಡುತ್ತೇನೆ. ಕೂದಲೆಳೆಯಷ್ಟು ಹೆಚ್ಚಾದರೂ ಬಾಯಿ ಸರಿಯಾಗಿ ಮುಚ್ಚುವುದಿಲ್ಲ ಎಂದು ವಾಪಸು ಬರುವ ಕೆಲಸ ಅದು. ಬಿಡುವಾದಾಗ ಅದೇ ಮೇಣ, ಅದೇ ಅಕ್ರಿಲಿಕ್, ಅದೇ ಪಾಲಿಶ್ ಯಂತ್ರ ಇಟ್ಟುಕೊಂಡು ರೈಲು ಎಂಜಿನ್ನುಗಳ ಮಾದರಿ ಮಾಡುತ್ತೇನೆ. "ಅಲ್ಲಿ ಹಲ್ಲಿಲ್ಲದೋರು ಗಂಜಿ ಕುಡ್ಕೊಂಡು ಕಾಯ್ತಿದ್ದಾರೆ, ಇಲ್ಲಿ ನೀನು ರೈಲು ಬಿಡ್ತಾ ಕೂತಿದ್ದೀಯ" ಎಂದು ನನ್ನ ಗಂಡ ಹಂಗಿಸುತ್ತಾರೆ. ಹಂಗಿಸಲಿ. ಅವರ ಕೆಲಸ ಅವರಿಗೆ, ನನ್ನ ಕೆಲಸ ನನಗೆ.

ಅಪ್ಪ ರೈಲ್ವೆಯಲ್ಲಿ ಡ್ರೈವರ್ ಆಗಿದ್ದವರು. ಬೀರೂರು ಕಡೆಯಿಂದ ಭದ್ರಾವತಿ ದಾಟಿ ಶಿವಮೊಗ್ಗಕ್ಕೆ ಬರುವ ಹಳಿಯ ಮೇಲೇ ಅವರ ಆಯುಷ್ಯದ ಬಹುಪಾಲು ಕಳೆಯಿತು. ನಿವೃತ್ತರಾದ ಮೇಲೆ ಅಮ್ಮನೂ ಅವರೂ ಭದ್ರಾವತಿಯಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದಾರೆ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ಅವರ ಎಡಗಣ್ಣು ಕೆಲವು ವರ್ಷಗಳ ಹಿಂದೆಯೇ ಹೋಗಿತ್ತು. ಉಳಿದದ್ದು ಬಲಗಣ್ಣು. ಅದಕ್ಕೂ ಪೊರೆ ಬಂತು. ಮೊದಮೊದಲು ಪೇಪರ್ ಓದುವುದು ನಿಂತಿತು, ಆಮೇಲೆ ಟಿವಿ ಎದುರು ಕೂತು ಬರೀ ಕೇಳಿಸಿಕೊಳ್ಳಲು ಶುರುಮಾಡಿದರು. ಒಂದು ದಿನ ಗೇಟಿನ ಹತ್ತಿರ ನಿಂತಿದ್ದ ನನ್ನನ್ನು ನೋಡಿ "ಯಾರಮ್ಮ, ಯಾರು ಬೇಕಿತ್ತು?" ಎಂದು ಕೇಳಿದರು. ನಾನು ನಕ್ಕು ಏನೋ ಹೇಳಿ ಒಳಗೆ ಹೋದೆ.

ಶಿವಮೊಗ್ಗದ ಕಣ್ಣಿನ ಡಾಕ್ಟರಮ್ಮ ಪೊರೆ ತೆಗೆಸಲೇಬೇಕು ಎಂದರು. ಅಪ್ಪ ಒಪ್ಪಲಿಲ್ಲ. "ಇರೋದೇ ಒಂದು ಕಣ್ಣು. ಅದನ್ನೂ ಕೊಯ್ಯೋಕೆ ಕೊಟ್ಟು ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಈಗ ಬೆಳಕಾದ್ರೂ ಗೊತ್ತಾಗುತ್ತೆ" ಎಂದರು. ಅಮ್ಮ ಅತ್ತರು, ತಮ್ಮ ರೇಗಿದ, ನಾನು ಎರಡನ್ನೂ ಮಾಡಿದೆ. ಕೊನೆಗೆ ಅಪ್ಪ ಒಂದು ಷರತ್ತು ಹಾಕಿದರು.

"ನಾನು ಕೊನೇ ದಿನ ಓಡಿಸಿದ್ನಲ್ಲ, ಆ ಎಂಜಿನ್ ಮಾಡಿ ತೋರಿಸು. ಕಣ್ತುಂಬ ನೋಡ್ಕೊಂಡು ಬಿಡ್ತೀನಿ. ಆಮೇಲೆ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗು."

ನನಗೆ ಅಷ್ಟೇ ಸಾಕಾಗಿತ್ತು. ಒಂದು ಗೇಣುದ್ದದ ಎಂಜಿನ್, ಎಷ್ಟು ದಿನದ ಕೆಲಸ? ಮೇಲಿನ ಒಡಲು ಸಲೀಸಾಗಿ ಆಯಿತು. ಉದ್ದನೆಯ ಮೂತಿ, ಕ್ಯಾಬಿನ್, ಜಾಲರಿ ಕಿಟಕಿ, ಪಕ್ಕದ ಕಂಬಿ, ಬಣ್ಣ, ಎಲ್ಲ ಮುಗಿಯಿತು. ಕೆಲಸ ನಿಂತದ್ದು ಬೋಗಿಯಲ್ಲಿ.

ಬೋಗಿ ಎಂದರೆ ನಮಗೆಲ್ಲ ಜನ ಕೂರುವ ಡಬ್ಬಿ. ರೈಲಿನವರ ಬಾಯಲ್ಲಿ ಅದು ಎಂಜಿನ್ನಿನ ಕೆಳಗೆ ಚಕ್ರಗಳನ್ನು ಹಿಡಿದುಕೊಂಡಿರುವ ಕಬ್ಬಿಣದ ಚೌಕಟ್ಟು. ಅಪ್ಪನ ಡೀಸೆಲ್ ಎಂಜಿನ್ನಿಗೆ ಹಿಂದೊಂದು ಮುಂದೊಂದು ಬೋಗಿ, ಒಂದೊಂದರಲ್ಲೂ ಮೂರು ಜೋಡಿ ಚಕ್ರ. ತೊಡಕು ಏನೆಂದರೆ, ಮೇಲಿಂದ ನೋಡಲು ಒಂದೇ ಥರ ಇರುವ ಆ ಜಾತಿಯ ಎಂಜಿನ್ನುಗಳ ಕೆಳಗೆ ಎರಡು ಬಗೆಯ ಬೋಗಿ ಇರುತ್ತಿತ್ತು. ಒಂದರಲ್ಲಿ ಮೂರು ಚಕ್ರಗಳೂ ಸಮನಾದ ಅಂತರದಲ್ಲಿ. ಇನ್ನೊಂದರಲ್ಲಿ ಮಧ್ಯದ ಚಕ್ರ ಮಧ್ಯದಲ್ಲಿ ಇರುವುದೇ ಇಲ್ಲ, ಒಂದು ಕಡೆಯ ಚಕ್ರದ ಹತ್ತಿರಕ್ಕೆ ಸರಿದುಕೊಂಡಿರುತ್ತದೆ. ಒಳಗೆ ಚಕ್ರ ತಿರುಗಿಸುವ ಮೋಟಾರುಗಳಿಗೆ ಜಾಗ ಮಾಡಿಕೊಡಲು ಹಾಗೆ. ಇಂಟರ್‌ನೆಟ್ಟಿನಲ್ಲಿ ಎರಡು ಬಗೆಯ ಫೋಟೋಗಳೂ ಬೇಕಾದಷ್ಟಿದ್ದವು. ಆದರೆ ನನಗೆ ಬೇಕಾದದ್ದು ಅಪ್ಪನ ಎಂಜಿನ್ನು. ಅದರ ಕೆಳಗೆ ಯಾವುದಿತ್ತು?

ಅಪ್ಪನನ್ನೇ ಕೇಳಿದೆ. "ಮೂರು ಚಕ್ರ, ಸಮ ಸಮ. ಇದರಲ್ಲಿ ಕೇಳೋದೇನಿದೆ?" ಎಂದರು. ಅವರು ಎರಡೂ ಬಗೆಯ ಎಂಜಿನ್ ಓಡಿಸಿದವರು, ನೆನಪು ಕಲಸಿಹೋಗಿರಲೂಬಹುದು. ಆದರೂ ಅವರ ಮಾತನ್ನೇ ನಂಬಿ ಸಮನಾದ ಬೋಗಿ ಮಾಡಿದೆ. ಮಾಡಿದ ಮೇಲೂ ಮನಸ್ಸು ಒಪ್ಪಲಿಲ್ಲ. ದಿನಕ್ಕೆ ಮೂರು ಹೊತ್ತು ಅಗಿಯುವವರಿಗೂ ತಮ್ಮ ಹಲ್ಲಿನ ಆಕಾರ ಗೊತ್ತಿರುವುದಿಲ್ಲ ಎನ್ನುವುದು ನನ್ನ ಕಸುಬು ನನಗೆ ಕಲಿಸಿದ ಪಾಠ.

ಎಂಜಿನ್ನನ್ನು ಸ್ವೀಟ್ ಬಾಕ್ಸಿನಲ್ಲಿ ಹತ್ತಿಯ ಮೇಲೆ ಮಲಗಿಸಿಕೊಂಡು ಭದ್ರಾವತಿಗೆ ಹೋದೆ. ಅಪ್ಪ ಕಿಟಕಿಯ ಹತ್ತಿರ ಹಿಡಿದು, ಕಣ್ಣಿಗೆ ತಾಗುವಷ್ಟು ಹತ್ತಿರ ತಂದು, ಆಮೇಲೆ ಬೆರಳಿನಿಂದ ಸವರಿದರು. "ಬ್ರೇಕ್ ಬ್ಲಾಕ್ ಎಲ್ಲಿ?" ಎಂದರು. ವಾಪಸು ತಂದು, ಚಕ್ರಕ್ಕೆ ಒತ್ತಿ ನಿಲ್ಲಿಸುವ ಆ ಬ್ಲಾಕುಗಳನ್ನು ಹಾಕಿದೆ. ಮುಂದಿನ ಸಲ, ಚಕ್ರ ಜಾರದಂತೆ ಹಳಿಗೆ ಮರಳು ಬಿಡುವ ಕೊಳವೆ ಇಲ್ಲ ಎಂದರು. ಅದನ್ನೂ ಹಾಕಿದೆ. ಅದರ ಮುಂದಿನ ಸಲ ಸ್ಪ್ರಿಂಗು ಸಣ್ಣದಾಯಿತು ಎಂದರು. ನನಗೆ ಒಳಗೊಳಗೇ ಖುಷಿ, ಅಪ್ಪನ ಅಚ್ಚುಕಟ್ಟುತನ ನನಗೆ ಬಂದಿದೆ ಎಂದು. ಈ ನಡುವೆ ಡಾಕ್ಟರಮ್ಮ ಫೋನಿನಲ್ಲಿ ಚೆನ್ನಾಗಿ ಬೈದರು. ಪೊರೆ ಗಟ್ಟಿಯಾಗುತ್ತಿದೆ, ತಡ ಮಾಡಿದಷ್ಟೂ ಆಪರೇಷನ್ ಕಷ್ಟ, ಆಮೇಲೆ ನನ್ನನ್ನು ಕೇಳಬೇಡಿ ಎಂದರು.

ಅವತ್ತು ಗಂಡ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ನಿಮ್ಮಪ್ಪ ಬೋಗಿ ಕೇಳ್ತಿಲ್ಲ ಕಣೇ, ವಾಯಿದೆ ಕೇಳ್ತಿದ್ದಾರೆ. ನೀನು ಕೊಡ್ತಾ ಇದ್ದೀಯ."

ಸರಿಯಾಗಿ ನಾಟಿತು. ಅವರಿಗೆ ಭಯ, ನನಗೆ ಹಟ, ಇಬ್ಬರೂ ಸೇರಿ ಒಂದು ಕಣ್ಣನ್ನು ಹಾಳುಮಾಡುವ ದಾರಿಯಲ್ಲಿದ್ದೆವು. ಅಪ್ಪನಿಗೆ ಇನ್ನು ಮಾತೇ ಇರಬಾರದು, ಹಾಗೆ ಬೋಗಿ ಮುಗಿಸಿಬಿಡಬೇಕು ಎಂದು ಹೊರಟೆ. ಶಿವಮೊಗ್ಗ ಸ್ಟೇಷನ್ನಿಗೆ ಹೋದೆ. ಅಲ್ಲಿ ಈಗ ಕರೆಂಟ್ ತಂತಿ ಎಳೆದಾಗಿದೆ, ಹಳೆಯ ಡೀಸೆಲ್ ಎಂಜಿನ್ ಕಾಣುವುದೇ ಅಪರೂಪ. ಕಂಡರೂ ಪ್ಲಾಟ್‌ಫಾರ್ಮಿನ ಅಂಚು ಚಕ್ರವನ್ನೆಲ್ಲ ಮುಚ್ಚಿಬಿಡುತ್ತದೆ. ಬಗ್ಗಿ ಮೊಬೈಲ್ ಹಿಡಿದು ಫೋಟೋ ತೆಗೆಯಲು ಹೋದಾಗ ಒಬ್ಬ ಪೊಲೀಸಿನವರು ಬಂದರು.

"ಏನಮ್ಮ ಅದು, ಚಕ್ರದ ಫೋಟೋ? ಯಾಕೆ?"

"ಮಾದರಿ ಮಾಡೋಕೆ ಸಾರ್."

"ಏನು ಕೆಲಸ ಮಾಡ್ತೀರಿ?"

"ಹಲ್ಲು ಮಾಡ್ತೀನಿ."

ಅವರು ನನ್ನನ್ನೊಮ್ಮೆ, ಎಂಜಿನ್ನನ್ನೊಮ್ಮೆ ನೋಡಿದರು. "ಇದಕ್ಕೂ ಕಟ್ಟಿಸ್ತೀರಾ?" ಎಂದು ನಕ್ಕು, ಹಳಿಯ ಕಡೆ ಬಗ್ಗಬೇಡಿ ಎಂದು ಎಚ್ಚರಿಸಿ ಕಳಿಸಿದರು. ಅಲ್ಲಿಗೆ ಸ್ಟೇಷನ್ನಿನ ಸಂಶೋಧನೆ ಮುಗಿಯಿತು.

ಉಳಿದದ್ದು ಭದ್ರಾವತಿಯ ಮನೆಯ ಆಲ್ಬಮ್ಮಿನಲ್ಲಿದ್ದ, ಅಪ್ಪನ ಕೊನೆಯ ದಿನದ ಫೋಟೋ. ಡ್ರೈವರುಗಳ ಕೊನೆಯ ಟ್ರಿಪ್ಪಿಗೆ ಎಂಜಿನ್ನಿಗೂ ಡ್ರೈವರಿಗೂ ಹಾರ ಹಾಕುವ ಪದ್ಧತಿ ಉಂಟು. ಅವತ್ತು ಶಿವಮೊಗ್ಗದಲ್ಲಿ ರೈಲಿನಿಂದ ಬಿಚ್ಚಿದ ಎಂಜಿನ್ನನ್ನು ಪಕ್ಕದ ಲೈನಿಗೆ ತಂದಾಗ ನಮ್ಮ ಮನೆಯವರೆಲ್ಲ ಜಲ್ಲಿ ಮೇಲೆ ಇಳಿದು ಸಾಲಾಗಿ ನಿಂತಿದ್ದೆವು. ಫೋಟೋದಲ್ಲಿ ಅಪ್ಪನ ಕೊರಳಲ್ಲಿ ಮೂಗಿನವರೆಗೂ ಹಾರ. ಎಂಜಿನ್ನಿಗೆ ಬಾಳೆಕಂದು, ವಿಭೂತಿ, ಕುಂಕುಮ. ಬೋಗಿಯ ಒಂದು ತುದಿಗೆ ಅಮ್ಮ, ಇನ್ನೊಂದು ತುದಿಗೆ ತಮ್ಮ. ಮಧ್ಯದ ಚಕ್ರ ಇರಬೇಕಾದ ಜಾಗದಲ್ಲಿ ಹೊಸ ರೇಷ್ಮೆ ಸೀರೆ ಉಟ್ಟು, ಹಲ್ಲು ಕಿರಿದುಕೊಂಡು ನಿಂತಿದ್ದವಳು ನಾನೇ. ಆಲ್ಬಮ್ ಮುಚ್ಚಿ ನನಗೆ ನಾನೇ ಬೈದುಕೊಂಡೆ.

ಅಮ್ಮ ಅಡುಗೆಮನೆಯಿಂದಲೇ ಕೂಗಿ ಹೇಳಿದರು: "ಆಯನೂರು ಅತ್ತೆ ಹತ್ರ ಒಂದು ಫೋಟೋ ಇರಬೇಕು ನೋಡೇ. ಅವಳದ್ದು ಬೇರೆ ತೆಗೆದಿದ್ರು."

ಆಯನೂರು ಅತ್ತೆ ಎಂದರೆ ಅಪ್ಪನ ತಂಗಿ. ಅವತ್ತು ಹೂವಿನ ಮಾರ್ಕೆಟ್ಟಿಗೆ ಹೋಗಿ ಹಾರ ತರುವುದರೊಳಗೆ ಎಲ್ಲರ ಫೋಟೋ ಮುಗಿದುಹೋಗಿತ್ತು. ಎಂಜಿನ್ ಹೊರಡುವ ಹೊತ್ತಾಗಿದ್ದರಿಂದ ಯಾರೂ ಅವರಿಗೆ ಕಾದಿರಲಿಲ್ಲ. ಬಂದ ಮೇಲೆ ಅವಸರದಲ್ಲಿ ಅವರೊಬ್ಬರದೇ ಒಂದು ತೆಗೆದಿದ್ದರು. ಅತ್ತೆ ಆ ಸಿಟ್ಟನ್ನು ಇನ್ನೂ ಬಿಟ್ಟಿಲ್ಲ. ನಮ್ಮ ಕುಟುಂಬದಲ್ಲಿ ಯಾವ ಮದುವೆಯ ಗ್ರೂಪ್ ಫೋಟೋ ಆದರೂ "ನನ್ನನ್ನ ಬಿಟ್ಟು ತೆಗೆದುಬಿಡಿ, ಅಭ್ಯಾಸ ಇದೆಯಲ್ಲ" ಎನ್ನುತ್ತಾರೆ.

ಮರುದಿನವೇ ಆಯನೂರಿಗೆ ಹೋದೆವು. ಗಂಡ ಕಾರು ಓಡಿಸಿದರು, ದಾರಿಯುದ್ದಕ್ಕೂ ಚುಡಾಯಿಸಿದರು. ಅತ್ತೆ ಮಂಡಕ್ಕಿ ಕೊಟ್ಟು, ಕಾಫಿ ಕೊಟ್ಟು, ಯಾರ ಮನೆಯಲ್ಲಿ ಏನಾಯಿತು ಎಲ್ಲ ಕೇಳಿದ ಮೇಲೆ ವಿಷಯಕ್ಕೆ ಬಂದೆ.

"ಓ, ನನ್ನ ಫೋಟೋನಾ? ಇವತ್ತು ನೆನಪಾಯ್ತಾ ನಿಮಗೆ?" ಎಂದು ಗೋಡೆ ತೋರಿಸಿದರು. ಫೋಟೋ ಅಲ್ಲೇ ಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು. ಅತ್ತೆ ಕೈಯಲ್ಲಿ ಹಾರ ಹಿಡಿದುಕೊಂಡು, ಮುಖ ಊದಿಸಿಕೊಂಡು ಒಬ್ಬರೇ ನಿಂತಿದ್ದಾರೆ. ಹಿಂದೆ ಅಪ್ಪನ ಎಂಜಿನ್. ಆದರೆ ಫೋಟೋದ ಕೆಳಗಿನ ಭಾಗದಲ್ಲಿ, ಕಟ್ಟಿನ ಅಂಚಿಗೆ, ಮೊಮ್ಮಕ್ಕಳ ಪಾಸ್‌ಪೋರ್ಟ್ ಸೈಜಿನ ಫೋಟೋಗಳನ್ನು ಸಾಲಾಗಿ ಸಿಕ್ಕಿಸಿದ್ದರು. ಎಂಜಿನ್ನಿನ ಕೆಳಗೆ ಚಕ್ರಗಳ ಬದಲು ಮಕ್ಕಳ ಮುಖಗಳಿದ್ದವು. ಗಂಡ ನಗು ತಡೆಯಲಾಗದೆ ಹಿತ್ತಲಿಗೆ ಹೋದರು.

"ಅತ್ತೆ, ಈ ಮಕ್ಕಳ ಫೋಟೋ ಸ್ವಲ್ಪ ತೆಗೀಲಾ?"

"ಯಾಕೆ? ನನ್ನ ಫೋಟೋ ನೋಡೋಕೆ ಬಂದ್ಯೋ, ಚಕ್ರ ನೋಡೋಕೆ ಬಂದ್ಯೋ?"

"ಎರಡೂ ಅತ್ತೆ. ಅಪ್ಪನ ಕಣ್ಣಿನ ಸಲುವಾಗಿ."

ಎಲ್ಲ ಹೇಳಿದೆ. ಅಣ್ಣನ ಕಣ್ಣು ಅಷ್ಟು ಕೆಟ್ಟಿದೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಅತ್ತೆ ಸ್ಟೂಲು ತಂದು, ತಾವೇ ಹತ್ತಿ, ಕಟ್ಟು ಇಳಿಸಿ, ಒಂದೊಂದೇ ಫೋಟೋ ಕಿತ್ತು ನನ್ನ ಮಡಿಲಿಗೆ ಹಾಕಿದರು. ಎಂಜಿನ್ ಎಲ್ಲಿ ಮೈಮೇಲೆ ಬರುತ್ತದೋ ಎಂಬ ಭಯಕ್ಕೆ ಅವತ್ತು ಅವರು ಸಾಕಷ್ಟು ದೂರ ನಿಂತಿದ್ದರು. ಫೋಟೋದವರು ಇನ್ನೂ ಹಿಂದೆ ಸರಿದು ತೆಗೆದಿದ್ದರು. ಹಾಗಾಗಿ ಎರಡೂ ಬೋಗಿಗಳು ಯಾರ ಅಡ್ಡಿಯೂ ಇಲ್ಲದೆ, ಬಿಸಿಲಿನಲ್ಲಿ, ಬುಡಮಟ್ಟ ಕಾಣುತ್ತಿದ್ದವು.

ಮಧ್ಯದ ಚಕ್ರ ಮಧ್ಯದಲ್ಲಿ ಇರಲಿಲ್ಲ.

ಲ್ಯಾಬಿನಿಂದ ತಂದಿದ್ದ ಭೂತಗನ್ನಡಿ ಹಿಡಿದು ಮತ್ತೆ ಮತ್ತೆ ನೋಡಿದೆ. ಒಂದು ಸಂದು ಕಿರಿದು, ಇನ್ನೊಂದು ಅಗಲ. ಎರಡು ಬೋಗಿಗಳು ಎದುರುಬದುರಾಗಿ ಕೂತಿದ್ದವು, ಒಂದನ್ನು ಹಿಂದುಮುಂದು ತಿರುಗಿಸಿದರೆ ಇನ್ನೊಂದು. ಒಂದರಲ್ಲಿ ಅಗಲದ ಸಂದು ಎಡಕ್ಕಿದ್ದರೆ ಮತ್ತೊಂದರಲ್ಲಿ ಬಲಕ್ಕೆ. ನಾನು ಮಾಡಿದ್ದ ಬೋಗಿಗಳೆರಡೂ ಕಸಕ್ಕೆ ಹೋಗಬೇಕಿತ್ತು. ಆದರೂ ಎದೆ ಹಗುರಾಯಿತು. ತಪ್ಪಿದೆ ಎಂಬ ಗುಮಾನಿ ಇಟ್ಟುಕೊಂಡು ಒದ್ದಾಡುವುದಕ್ಕಿಂತ ತಪ್ಪು ಕಣ್ಣೆದುರು ಬಂದು ನಿಂತರೆ ನನಗೆ ಎಷ್ಟೋ ಮೇಲು.

ಫೋಟೋ ಹಿಡಿದು ಸೀದಾ ಭದ್ರಾವತಿಗೆ ಹೋದೆವು. ಅತ್ತೆಯೂ ಕಾರು ಹತ್ತಿದರು. ಅಪ್ಪ ಜಗಲಿಯಲ್ಲಿ ಕೂತಿದ್ದರು.

"ಅಪ್ಪ, ನಿಮ್ಮ ಎಂಜಿನ್ನಲ್ಲಿ ಮಧ್ಯದ ಚಕ್ರ ಮಧ್ಯಕ್ಕಿರಲಿಲ್ಲ. ಫೋಟೋ ಸಿಕ್ತು."

"ಯಾವನು ಹೇಳಿದ್ದು? ಸಮ ಸಮ ಇತ್ತು."

"ಫೋಟೋನೇ ಹೇಳ್ತಿದೆ. ನೋಡಿ."

ಅಪ್ಪ ಕಟ್ಟನ್ನು ಇಸಿದುಕೊಂಡು ಹಿಂದೆ ಮುಂದೆ ಮಾಡಿದರು. ಬೆಳಕಿನ ಕಡೆ ತಿರುಗಿಸಿದರು. ಗಾಜಿನ ಮೇಲೆ ಬೆರಳಾಡಿಸಿದರು. ಗಾಜು ಸವರಿದರೆ ಏನು ಗೊತ್ತಾಗುತ್ತದೆ? ಅವರ ಮುಖ ನೋಡಲು ನನಗೆ ಕಷ್ಟವಾಯಿತು.

"ನಿನಗೆ ಬೇಗ ಆಪರೇಷನ್ ಮಾಡಿಸಬೇಕು ಅಂತ ಆತುರ. ಅದಕ್ಕೆ ಏನೋ ಒಂದು ಹೇಳ್ತಿದ್ದೀಯ" ಎಂದರು.

ನನಗೆ ರೇಗಿತು. "ನಾನ್ಯಾಕೆ ಸುಳ್ಳು ಹೇಳಲಿ? ನಿಮಗೆ ಕಾಣ್ತಿಲ್ಲ ಅಪ್ಪ, ಅಷ್ಟೇ. ಎಷ್ಟು ಮಾಡಿ ತಂದ್ರೂ ನಿಮಗೆ ಕಾಣಲ್ಲ. ಬ್ರೇಕ್ ಬ್ಲಾಕೂ ಕಾಣಲ್ಲ, ಮರಳಿನ ಕೊಳವೆನೂ ಕಾಣಲ್ಲ. ನಾನು ಗೇಟಲ್ಲಿ ನಿಂತ್ರೆ ನಾನೂ ಕಾಣಲ್ಲ."

ಗಂಡ ನನ್ನ ಮೊಣಕೈ ಹಿಡಿದರು. ಆಗ ಅತ್ತೆ ಅಣ್ಣನ ಪಕ್ಕ ಕೂತು, "ಅಣ್ಣ, ಆ ಫೋಟೋದಲ್ಲಿ ಇರೋದು ನಾನು. ಗೊತ್ತಾಯ್ತಾ?" ಎಂದು ಮೆಲ್ಲಗೆ ಕೇಳಿದರು. ಅಪ್ಪ ಇಲ್ಲ ಎನ್ನುವಂತೆ ತಲೆಯಾಡಿಸಿದರು. ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡರು.

"ಡಾಕ್ಟರಿಗೆ ಫೋನ್ ಮಾಡು. ಕಣ್ಣು ಬರಲಿ, ನಾನೇ ನೋಡ್ತೀನಿ. ಸಮ ಇದ್ರೆ ಮಾತ್ರ ನಿನಗೆ ಐತೆ ಹಬ್ಬ" ಎಂದರು. ಆಮೇಲೆ, "ಹೊಸ ಬೋಗಿ ಮಾಡಿದ್ರೆ ನನ್ನ ಕೈಗೆ ಕೊಡಬೇಡ. ಕಣ್ಣಿಂದಲೇ ನೋಡಬೇಕು" ಎಂದರು.

ಹೊಸ ಬೋಗಿಗಳನ್ನು ಮೇಣದಲ್ಲಿ ಕೊರೆದು ಅಚ್ಚು ತೆಗೆದೆ. ಅಗಲದ ಸಂದಿಗೂ ಕಿರಿದಾದ ಸಂದಿಗೂ ನನ್ನ ಅಳತೆಯಲ್ಲಿ ಬರುವ ವ್ಯತ್ಯಾಸ ಎರಡು ಬೆಂಕಿಕಡ್ಡಿ ಒತ್ತಿಟ್ಟಷ್ಟು. ಫೋಟೋದಲ್ಲಿದ್ದಂತೆ ಎದುರುಬದುರಾಗಿ ಕೂರಿಸಿದೆ. ಅದನ್ನು ಅಪ್ಪನಿಗಾಗಲಿ ಬೇರೆ ಯಾರಿಗಾಗಲಿ ಹೇಳಲು ಹೋಗಲಿಲ್ಲ. ಮಧ್ಯದ ಚಕ್ರದ ಜಗಳವೇ ಸಾಕಾಗಿತ್ತು.

ಆಪರೇಷನ್ ದಿನ ಅಪ್ಪ ಹಣೆಗೆ ವಿಭೂತಿ ಹಚ್ಚಿಕೊಂಡು, ಡ್ಯೂಟಿಗೆ ಹೊರಟವರಂತೆ ಇಸ್ತ್ರಿ ಶರ್ಟು ಹಾಕಿಕೊಂಡು ಬಂದರು. ಒಳಗೆ ಕರೆದುಕೊಂಡು ಹೋಗುವಾಗ ನನ್ನ ಕೈ ಹಿಡಿದಿದ್ದರು. ಹೊರಗೆ ಕೂತ ನನಗೆ ಕೆಟ್ಟ ಕೆಟ್ಟ ಯೋಚನೆ. ನನ್ನ ಚುಚ್ಚುಮಾತಿಗೇ ಒಪ್ಪಿದರಲ್ಲ, ಏನಾದರೂ ಆದರೆ ಈ ಮುಖ ಎಲ್ಲಿಡಲಿ ಎಂದು. ಡಾಕ್ಟರಮ್ಮ ಹೊರಬಂದು, "ಪೊರೆ ಗಟ್ಟಿ ಇತ್ತು, ಆದರೂ ಚೆನ್ನಾಗೇ ಆಯ್ತು" ಎಂದರು. ಅದನ್ನು ಪೂರ್ತಿ ನಂಬಲು ಧೈರ್ಯ ಬರಲಿಲ್ಲ.

ಮರುದಿನ ಪಟ್ಟಿ ಬಿಚ್ಚಿದಾಗ ಅಪ್ಪ ಬೆರಳುಗಳನ್ನು ಸರಿಯಾಗಿ ಎಣಿಸಿದರು. "ಆದ್ರೆ ಮಂಜು ಕವಿದ ಹಾಗಿದೆ" ಎಂದರು. ಕೆಲವು ದಿನ ಹಾಗೇ ಇರುತ್ತದೆ, ತಿಳಿಯಾಗುತ್ತದೆ, ಡ್ರಾಪ್ಸ್ ತಪ್ಪಿಸಬೇಡಿ ಎಂದರು ಡಾಕ್ಟರಮ್ಮ. ಅಪ್ಪ, ಅಮ್ಮ ಇಬ್ಬರನ್ನೂ ಶಿವಮೊಗ್ಗದ ನಮ್ಮ ಮನೆಯಲ್ಲೇ ಉಳಿಸಿಕೊಂಡೆ. ಅಮ್ಮ ಹೊತ್ತುಹೊತ್ತಿಗೆ ಡ್ರಾಪ್ಸ್ ಹಾಕಿದರು. ನಾನು "ಕಾಣುತ್ತಾ?" ಎಂದು ಕೇಳಲು ಬಾಯಿ ತೆರೆದು, ಕೇಳದೆ, "ಕಾಫಿ ಬೇಕಾ?" ಎಂದು ಕೇಳುತ್ತಿದ್ದೆ. ಆ ವಾರ ಅಪ್ಪ ಕುಡಿದಷ್ಟು ಕಾಫಿ ಯಾವತ್ತೂ ಕುಡಿದಿರಲಾರರು.

ಒಂದು ಬೆಳಿಗ್ಗೆ ಕಪ್ಪು ಕನ್ನಡಕ ತೆಗೆದಿಟ್ಟು ಅಪ್ಪ ತಾವಾಗಿಯೇ ಕರೆದರು. "ತಗೊಂಡು ಬಾ ನಿನ್ನ ಎಂಜಿನ್ನು."

ಕಿಟಕಿಯ ಪಕ್ಕದ ಮೇಜಿನ ಮೇಲಿಟ್ಟೆ. ಅವರು ಮುಟ್ಟಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಸ್ವಲ್ಪ ಬಗ್ಗಿ, ಮೂತಿಯಿಂದ ಬಾಲದವರೆಗೆ ನೋಡುತ್ತಾ ನಡೆದರು. ಮತ್ತೆ ಮೊದಲ ಬೋಗಿಗೆ ಬಂದರು, ಮತ್ತೆ ಎರಡನೆಯದಕ್ಕೆ ಹೋದರು. ಅವರ ಹುಬ್ಬು ಗಂಟಿಕ್ಕಿತು.

"ಇದೇನೇ ಇದು? ಈ ಬೋಗಿಯಲ್ಲಿ ಸಂದು ಈ ಕಡೆ ಅಗಲ. ಆ ಬೋಗಿಯಲ್ಲಿ ಆ ಕಡೆ ಅಗಲ. ಒಂದನ್ನ ಉಲ್ಟಾ ಕೂರಿಸಿದ್ದೀಯಲ್ಲ!"

ಅದು ಉಲ್ಟಾ ಅಲ್ಲ, ಹಾಗೇ ಇರಬೇಕು. ಅತ್ತೆಯ ಫೋಟೋ ಪಕ್ಕದ ಕೋಣೆಯಲ್ಲೇ ಇತ್ತು, ತಂದು ತೋರಿಸಬಹುದಿತ್ತು. ನಾಲಿಗೆ ತುದಿಗೆ ಬಂದ ವಾದವನ್ನು ಜೀವನದಲ್ಲಿ ಮೊದಲ ಸಲ ನುಂಗಿಕೊಂಡೆ. ಅವರಿಗೆ ಯಾರೂ ಹೇಳಿರಲಿಲ್ಲ. ಅವರೇ ನೋಡಿದ್ದರು.

"ಹೌದಪ್ಪ, ಉಲ್ಟಾ ಆಗಿದೆ" ಎಂದೆ. ಅಷ್ಟು ಹೇಳುವುದರೊಳಗೆ ಅಳು ಬಂದುಬಿಟ್ಟಿತು. ತಡೆಯಲು ನೋಡಿದೆ, ಆಗಲಿಲ್ಲ.

ಅಪ್ಪ ಗಾಬರಿಯಾಗಿ ನನ್ನ ಮುಖವನ್ನೇ ನೋಡಿದರು. "ಅಯ್ಯೋ, ಅಳ್ತೀಯ ಯಾಕೆ? ಹೋಗ್ಲಿ ಬಿಡು ಮಾರಾಯ್ತಿ. ಅಷ್ಟು ಸಣ್ಣದು ಯಾರ ಕಣ್ಣಿಗೆ ಕಾಣುತ್ತೆ?"